ಇತಿಹಾಸದ ಸಾಕ್ಷ್ಯ

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ಹೊಕ್ಕವರು ಮೊದಲು ತಲೆಯೆತ್ತಿ ನೋಡುತ್ತಾರೆ. ಅಲ್ಲಿ ಮಂಟಪದ ಮೇಲ್ಛಾವಣಿಯಲ್ಲಿ ಕಲ್ಲು ಕಮಲವಾಗಿ ಅರಳಿದೆ. ಆ ಬೆರಗಿನಿಂದ ಕಣ್ಣು ಕೆಳಗಿಳಿದಾಗ ಶಾಸನದ ಕಲ್ಲುಗಳು ಕಾಣಿಸುತ್ತವೆ. ಹಳಗನ್ನಡದ ಆ ಸಾಲುಗಳನ್ನು ಓದಬಲ್ಲವರು ವಿರಳ. ಆದರೆ ಅವು ಏನನ್ನೋ ಹೇಳುತ್ತಿವೆ ಎಂಬುದು ಎಲ್ಲರಿಗೂ ತಿಳಿಯುತ್ತದೆ.

ಈ ಊರಿನ ಪ್ರಾಚೀನ ನಾಮ ಪಾನುಂಗಲ್ಲು. ಪಾನುಂಗಲ್ಲು ಐನೂರು ಎಂಬ ನಾಡಿಗೆ ಇದೇ ರಾಜಧಾನಿಯಾಗಿತ್ತು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಕದಂಬ ವಂಶದ ಒಂದು ಶಾಖೆಯವರು ಇಲ್ಲಿಂದ ಆಳಿದರು. ಕ್ರಿ.ಶ. 1196ರಲ್ಲಿ ಹೊಯ್ಸಳರ ಎರಡನೆಯ ಬಲ್ಲಾಳನು ಈ ಕೋಟೆಯನ್ನು ಮುತ್ತಿದಾಗ ಕದಂಬ ಕಾಮದೇವನ ಪಡೆ ಅವನನ್ನು ಎದುರಿಸಿ ಹೋರಾಡಿತು. ವಿದ್ವಾಂಸರು ಇದನ್ನು ಶಾಸನಗಳಿಂದ ತಿಳಿದರು. ಊರಿನ ಹಿರಿಯರಾದರೋ ಇದು ಮಹಾಭಾರತದ ವಿರಾಟನಗರ, ಪಾಂಡವರು ಅಜ್ಞಾತವಾಸವನ್ನು ಕಳೆದ ಸ್ಥಳ ಎಂದು ಹೇಳುತ್ತ ಬಂದಿದ್ದಾರೆ. ಇಬ್ಬರ ದಾರಿಗಳು ಬೇರೆಯಾದರೂ ಹಂಬಲ ಒಂದೇ. ಹಿಂದಿನದನ್ನು ಅರಿತರೆ ಇಂದಿನದು ಅರ್ಥವಾದೀತು ಎಂಬ ನಂಬಿಕೆ ಇಬ್ಬರಲ್ಲಿಯೂ ಇದೆ.

ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಒಂದು ನಾಡಿನ ಜನ ಇಂದು ಹೇಗೆ ಆಳಿಸಿಕೊಳ್ಳುತ್ತಾರೆ, ಯಾರನ್ನು ಆರಿಸುತ್ತಾರೆ, ಯಾರಿಗೆ ಅಂಜುತ್ತಾರೆ ಎಂಬುದಕ್ಕೆ ನೂರಾರು ವರ್ಷಗಳ ಹಿಂದಿನ ಸಂಗತಿಗಳು ಕಾರಣವಾಗಬಲ್ಲವೆ? ರಾಜ್ಯಶಾಸ್ತ್ರದ ಪಂಡಿತರನ್ನು ಬಹುಕಾಲದಿಂದ ಕಾಡಿದ ಪ್ರಶ್ನೆಯಿದು. ಅವರು ಕೊಟ್ಟ ಉತ್ತರಗಳಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಒಂದು ಪಕ್ಷ ಸೋತರೆ ಬೆಲೆಯೇರಿಕೆ, ತೆರಿಗೆ, ನಾಯಕನ ತಪ್ಪು ಮೊದಲಾದ ಹತ್ತಿರದ ಕಾರಣಗಳನ್ನು ಹೇಳುವುದು ವಾಡಿಕೆ. ಏಷ್ಯ, ಆಫ್ರಿಕ ಖಂಡಗಳ ವಿಷಯ ಬಂದೊಡನೆ ವಿವರಣೆ ಒಮ್ಮೆಲೇ ಸಾವಿರ ವರ್ಷ ಹಿಂದಕ್ಕೆ ಜಿಗಿಯುತ್ತಿತ್ತು. ಅಲ್ಲಿಯ ಜನರಿಗೆ ಹತ್ತಿರದ ಕಾರಣಗಳೇ ಇಲ್ಲವೆಂಬಂತೆ, ಪೂರ್ವಜರು ನಡೆದ ಜಾಡಿನಲ್ಲಿಯೇ ಅವರು ಕುರುಡಾಗಿ ನಡೆಯುತ್ತಾರೆಂಬಂತೆ ಅನೇಕರು ಬರೆದರು.

ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಏಷ್ಯದ ಬಿಸಿಲೂ ವಿಶಾಲ ಬಯಲುಗಳೂ ನಿರಂಕುಶ ಪ್ರಭುತ್ವಕ್ಕೆ ಅನುಕೂಲವೆಂದು ವಾದಿಸಿದನು. ಜೇಮ್ಸ್ ಮಿಲ್ ಎಂಬವನು 1817ರಲ್ಲಿ ಬ್ರಿಟಿಷ್ ಇಂಡಿಯದ ಇತಿಹಾಸವನ್ನು ಬರೆದನು. ಅವನು ಭಾರತಕ್ಕೆ ಒಮ್ಮೆಯೂ ಬಂದವನಲ್ಲ. ಇಲ್ಲಿಯ ಒಂದು ಭಾಷೆಯನ್ನೂ ಬಲ್ಲವನಲ್ಲ. ಆದರೂ ಭಾರತವನ್ನು ಆಳಲು ಬರುತ್ತಿದ್ದ ಇಂಗ್ಲಿಷ್ ತರುಣರು ಅವನ ಗ್ರಂಥವನ್ನೇ ಓದಿ ಹಡಗು ಹತ್ತುತ್ತಿದ್ದರು. 1957ರಲ್ಲಿ ವಿಟ್‌ಫೋಗೆಲ್ ಎಂಬ ವಿದ್ವಾಂಸನು ಹಳೆಯ ವಾದಕ್ಕೆ ಹೊಸ ಆಧಾರವನ್ನು ಒದಗಿಸಿದನು. ಪೌರ್ವಾತ್ಯ ನಾಡುಗಳಲ್ಲಿ ಬೇಸಾಯಕ್ಕೆ ದೊಡ್ಡ ನೀರಾವರಿ ಬೇಕು. ದೊಡ್ಡ ನೀರಾವರಿಗೆ ಸಾವಿರಾರು ಜನರನ್ನು ದುಡಿಸುವ ಅಧಿಕಾರ ಬೇಕು. ಆದುದರಿಂದ ಅಲ್ಲಿ ಸರ್ವಾಧಿಕಾರ ಬೆಳೆಯಿತು ಎಂಬುದು ಅವನ ವಾದದ ಸಾರ.

ಇಂಥ ವಾದಗಳು ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಅವು ಆಡಳಿತದ ಮಾತಾದವು. ಈ ಜನರಿಗೆ ತಮ್ಮನ್ನು ತಾವು ಆಳಿಕೊಂಡು ರೂಢಿಯಿಲ್ಲ, ಆದುದರಿಂದ ಇವರಿಗೆ ಸ್ವರಾಜ್ಯವನ್ನು ಈಗಲೇ ಕೊಡಲಾಗದು ಎಂದು ಹೇಳಲು ಆಳುವವರಿಗೆ ಇತಿಹಾಸವೇ ನೆಪವಾಯಿತು. ಒಂದು ಜನಾಂಗದ ಹಿಂದಿನ ಕಥೆಯನ್ನು ತಪ್ಪಾಗಿ ಬರೆದರೆ ಅದರ ಮುಂದಿನ ಹಕ್ಕು ಹೇಗೆ ಕಳೆದುಹೋಗಬಹುದೆಂಬುದಕ್ಕೆ ಇದು ನಿದರ್ಶನ.

ವಿಟ್‌ಫೋಗೆಲನ ವಾದವನ್ನು ಹಾನಗಲ್ ಸೀಮೆಯಲ್ಲಿ ನಿಂತು ಪರೀಕ್ಷಿಸಬಹುದು. ಹಾನಗಲ್, ಹಿರೇಕೆರೂರು ತಾಲೂಕುಗಳು ಕೆರೆಗಳ ನಾಡು. ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆಯಿದೆ. ಅದರ ಸಮೀಪದ ಮಾಸೂರಿನ ಬಳಿಯ ಮದಗದ ಕೆರೆಯಂಥ ಮಹಾಕೆರೆ ದೊಡ್ಡ ರಾಜ್ಯದ ಆಸರೆಯಿಂದ ಕಟ್ಟಲ್ಪಟ್ಟುದು ನಿಜ. ಆದರೆ ಊರೂರಿನ ಸಣ್ಣ ಕೆರೆಗಳ ಮಾತು ಬೇರೆ. ಕನ್ನಡ ನಾಡಿನ ಶಾಸನಗಳಲ್ಲಿ ‘ಬಿತ್ತುವಟ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ಕಾಪಾಡುವವರಿಗೆ ಅದರ ನೀರಿನಿಂದ ಬೆಳೆಯುವ ಭೂಮಿಯಲ್ಲಿ ಬಿಟ್ಟುಕೊಟ್ಟ ಪಾಲು ಅದು. ಕೆರೆಗಳನ್ನು ಗಾವುಂಡರು ಕಟ್ಟಿಸಿದರು, ವ್ಯಾಪಾರಿಗಳು ಕಟ್ಟಿಸಿದರು, ಸ್ತ್ರೀಯರೂ ಕಟ್ಟಿಸಿದರು. ಅಗ್ರಹಾರದ ಮಹಾಜನರು ಸಭೆ ಸೇರಿ ದತ್ತಿಗಳನ್ನು ನಿರ್ವಹಿಸಿದರು. ವರ್ತಕರು ತಮ್ಮ ಸಂಘದ ಮೂಲಕ ಸುಂಕದಲ್ಲಿ ಒಂದು ಪಾಲನ್ನು ಧರ್ಮಕ್ಕೆ ಬಿಟ್ಟರು. ಊರ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋದಾಗ ತುರುಗೊಳ್ ಕಾಳಗದಲ್ಲಿ ಮಡಿದವನಿಗೆ ಅವನ ಬಂಧುಗಳೋ ಊರವರೋ ಕಲ್ಲು ನಿಲ್ಲಿಸಿದರು. ಅರಸನ ಅಪ್ಪಣೆಯೊಂದೇ ಎಲ್ಲವನ್ನೂ ನಡೆಸುತ್ತಿತ್ತು ಎಂಬ ಮಾತಿಗೆ ಈ ಕಲ್ಲುಗಳು ಸಾಕ್ಷಿ ನುಡಿಯುವುದಿಲ್ಲ.

ಈ ಕಲ್ಲುಗಳನ್ನು ಮೊದಲು ವ್ಯವಸ್ಥಿತವಾಗಿ ಓದಿ ಪ್ರಕಟಿಸಿದವರಲ್ಲಿ ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಮುಖ್ಯನು. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನು ಆಳಿದ ರಾಜವಂಶಗಳ ಚರಿತ್ರೆಯನ್ನು ಅವನು 1882ರಲ್ಲಿ ಹೊರತಂದನು. ಮಿಲ್‌ನಂತೆ ದೂರದಲ್ಲಿ ಕುಳಿತು ಬರೆಯದೆ, ಹಳಗನ್ನಡವನ್ನು ಕಲಿತು, ಅಕ್ಷರ ಅಕ್ಷರವನ್ನು ಬಿಡಿಸಿ ಬರೆದವನು ಅವನು. ಇಬ್ಬರೂ ಆಳುವ ಜನಾಂಗಕ್ಕೆ ಸೇರಿದವರೇ. ಆದರೆ ಒಬ್ಬನು ತೀರ್ಮಾನವನ್ನು ಮೊದಲು ಮಾಡಿ ಸಾಕ್ಷ್ಯವನ್ನು ಆಮೇಲೆ ಹುಡುಕಿದನು. ಮತ್ತೊಬ್ಬನು ಸಾಕ್ಷ್ಯದಿಂದ ಆರಂಭಿಸಿದನು. ಆದುದರಿಂದ ವಿದ್ವಾಂಸನ ಹುಟ್ಟಿಗಿಂತ ಅವನ ರೀತಿಯನ್ನು ನೋಡಿ ಬೆಲೆ ಕಟ್ಟುವುದು ನ್ಯಾಯ.

ಒಂದು ಅತಿಯನ್ನು ತಿದ್ದಹೋದವರು ಇನ್ನೊಂದು ಅತಿಗೆ ಜಾರುವುದುಂಟು. 1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಎಂಬ ಅಧಿಕಾರಿಯು ಭಾರತದ ಹಳ್ಳಿಗಳನ್ನು ಚಿಕ್ಕ ಗಣರಾಜ್ಯಗಳೆಂದು ಬಣ್ಣಿಸಿದನು. ರಾಜವಂಶಗಳು ಉರುಳಿದರೂ ಹಳ್ಳಿ ಉಳಿಯುತ್ತದೆ ಎಂಬ ಅವನ ಚಿತ್ರ ಬಹು ಜನರಿಗೆ ಪ್ರಿಯವಾಯಿತು. ಪ್ರಜಾಪ್ರಭುತ್ವ ಈ ನೆಲದಲ್ಲಿ ಹಿಂದೆಯೇ ಇತ್ತು, ಹೊಸದಾಗಿ ಕಲಿಯಬೇಕಾದುದು ಏನೂ ಇಲ್ಲ ಎಂದು ಕೆಲವರು ಹೆಮ್ಮೆಪಟ್ಟರು.

ಹೆಮ್ಮೆಗೂ ಒಂದು ಕಾಲವಿದೆ, ಒಂದು ಕೆಲಸವಿದೆ. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡ ಸೀಮೆಯವರು ಮುಂಬಯಿಗೆ, ಬಳ್ಳಾರಿಯವರು ಮದರಾಸಿಗೆ, ಕಲಬುರಗಿಯವರು ಹೈದರಾಬಾದಿಗೆ ಸೇರಿದ್ದರು. ತಮಗೂ ಒಂದು ಚರಿತ್ರೆ ಉಂಟೆಂಬುದನ್ನು ಮರೆತಿದ್ದ ಜನರಿಗೆ ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಹೆಸರು ಹೊಸ ಉಸಿರನ್ನು ತುಂಬಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದು ರಾಜ್ಯವಾಗುವುದಕ್ಕೆ ಆ ಉಸಿರೂ ನೆರವಾಯಿತು. ಇಲ್ಲಿ ಇತಿಹಾಸವು ರಾಜಕೀಯವನ್ನು ವಿವರಿಸಿದ್ದಲ್ಲದೆ ಅದನ್ನು ನಡೆಸಿತು ಕೂಡ.

ಆದರೆ ಹೆಮ್ಮೆಯ ಚರಿತ್ರೆಯನ್ನೂ ಪ್ರಶ್ನಿಸಬೇಕಾದ ಕಾಲ ಬಂದೇ ಬರುತ್ತದೆ. ಮಹಾಜನರ ಸಭೆಯಲ್ಲಿ ಕುಳಿತವರು ಯಾರು? ಅಗ್ರಹಾರದ ಬ್ರಾಹ್ಮಣರು. ಊರಿನ ಗಾವುಂಡರೆಂದರೆ ಭೂಮಿಯುಳ್ಳವರು. ಆ ಕೆರೆಯ ಮಣ್ಣನ್ನು ತಲೆಯ ಮೇಲೆ ಹೊತ್ತವರ ಹೆಸರು ಶಾಸನದಲ್ಲಿ ಸಾಮಾನ್ಯವಾಗಿ ಇಲ್ಲ. ಊರಾಚೆ ಇದ್ದವರಿಗೆ ಸಭೆಯಲ್ಲಿ ಸ್ಥಾನವಿರಲಿಲ್ಲ. ಕೆರೆ ಕಟ್ಟಿಸಿದ ಸ್ತ್ರೀಯೂ ಆ ಕೆರೆಯ ವ್ಯವಹಾರವನ್ನು ತೀರ್ಮಾನಿಸುವ ಸಭೆಯಲ್ಲಿ ಕುಳಿತಳೆಂದು ಹೇಳಲು ಆಧಾರ ಸಿಗದು. ಊರು ತನ್ನ ಕೆಲಸವನ್ನು ತಾನೇ ನೋಡಿಕೊಳ್ಳುತ್ತಿತ್ತು ಎಂಬುದು ನಿಜ. ಊರಿನವರೆಲ್ಲರೂ ಸೇರಿ ನೋಡಿಕೊಳ್ಳುತ್ತಿದ್ದರು ಎಂಬುದು ನಿಜವಲ್ಲ.

ಈ ಭೇದವನ್ನು ಸ್ಪಷ್ಟವಾಗಿ ಕಂಡವರು ಡಾ. ಬಿ. ಆರ್. ಅಂಬೇಡ್ಕರ್ ಅವರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು ಮೆಟ್‌ಕಾಫನ ವರ್ಣನೆಯನ್ನೇ ಎತ್ತಿಕೊಂಡರು. ಹಳ್ಳಿಗಳು ಉಳಿದವು ಎಂಬುದಷ್ಟೇ ಹಿರಿಮೆಯಾಗದು, ಹೇಗೆ ಬದುಕಿ ಉಳಿದವು ಎಂಬುದು ಮುಖ್ಯ ಎಂದು ಅವರು ಕಟುವಾಗಿ ಟೀಕಿಸಿದರು. ಮರುವರ್ಷ ನವೆಂಬರ್ 25ರಂದು ಅದೇ ಸಭೆಯಲ್ಲಿ ಅವರು ಇನ್ನೊಂದು ಸಂಗತಿಯನ್ನು ನೆನಪಿಸಿದರು. ಬೌದ್ಧ ಭಿಕ್ಷು ಸಂಘಗಳಲ್ಲಿ ಗೊತ್ತುವಳಿ ಮಂಡಿಸುವ, ಮತ ಎಣಿಸುವ ನಿಯಮಗಳಿದ್ದವು; ಆದುದರಿಂದ ಸಭಾಪದ್ಧತಿ ಭಾರತಕ್ಕೆ ಅಪರಿಚಿತವಲ್ಲ; ಆದರೆ ಆ ವ್ಯವಸ್ಥೆಯನ್ನು ಈ ದೇಶ ಒಮ್ಮೆ ಕಳೆದುಕೊಂಡಿದೆ, ಮತ್ತೊಮ್ಮೆ ಕಳೆದುಕೊಳ್ಳಬಾರದು ಎಂದು ಎಚ್ಚರಿಸಿದರು. ಒಬ್ಬರೇ ವ್ಯಕ್ತಿ ಒಂದೆಡೆ ಇತಿಹಾಸದ ಹೊಗಳಿಕೆಯನ್ನು ತಿರಸ್ಕರಿಸಿ ಇನ್ನೊಂದೆಡೆ ಇತಿಹಾಸದಿಂದಲೇ ಧೈರ್ಯವನ್ನು ಪಡೆದರು. ಇದರಲ್ಲಿ ವಿರೋಧವಿಲ್ಲ. ಎರಡು ಸಲವೂ ಅವರು ಕೇಳಿದ್ದು ಒಂದೇ ಪ್ರಶ್ನೆ: ನಿಜವಾಗಿ ಏನಿತ್ತು, ಯಾರ ಪಾಲಿಗಿತ್ತು?

ಸಾಕ್ಷ್ಯವನ್ನು ಓದುವಾಗಲೂ ಇದೇ ಎಚ್ಚರ ಬೇಕೆಂಬುದಕ್ಕೆ ಹಿರೇಕೆರೂರು ತಾಲೂಕಿನ ಅಬ್ಬಲೂರು ಒಳ್ಳೆಯ ಪಾಠ. ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಶೈವನಾದ ರಾಮಯ್ಯನಿಗೂ ಜೈನರಿಗೂ ವಾದವಾಯಿತು. ಅವನು ಪಣತೊಟ್ಟು ತನ್ನ ತಲೆಯನ್ನೇ ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆದನು. ವ್ಯಾಜ್ಯ ಬಿಜ್ಜಳನ ಬಳಿಗೆ ಹೋದಾಗ ಅರಸನು ಅವನಿಗೆ ಜಯಪತ್ರವನ್ನು ಕೊಟ್ಟನು. ಇದು ಶಾಸನದ ನಿರೂಪಣೆ. ಶಾಸನವನ್ನು ಬರೆಸಿದವರು ಗೆದ್ದ ಪಕ್ಷದವರು. ಸೋತವರ ಮಾತು ಆ ಕಲ್ಲಿನಲ್ಲಿ ಇಲ್ಲ. ವಿವೇಕಿಯಾದ ಇತಿಹಾಸಕಾರನು ಪವಾಡವನ್ನು ಭಕ್ತಿಯ ವಿಷಯಕ್ಕೆ ಬಿಟ್ಟು, ಆ ಕಾಲದಲ್ಲಿ ಮತಗಳ ನಡುವೆ ಸ್ಪರ್ಧೆಯಿತ್ತು, ವಿವಾದಗಳು ಅರಸನ ಮುಂದೆ ಬರುತ್ತಿದ್ದವು ಎಂಬಷ್ಟನ್ನು ಅದರಿಂದ ಗ್ರಹಿಸುತ್ತಾನೆ. ಎಂಟುನೂರು ವರ್ಷಗಳ ಹಿಂದಿನ ಆ ಕಲಹವನ್ನು ತೋರಿಸಿ ಇಂದಿನ ಎರಡು ಸಮಾಜಗಳು ಹುಟ್ಟು ವೈರಿಗಳು ಎಂದು ಸಾರುವವನು ಇತಿಹಾಸಕ್ಕೂ ಅಪಚಾರ ಮಾಡುತ್ತಾನೆ, ನೆರೆಹೊರೆಗೂ ಕೇಡು ಮಾಡುತ್ತಾನೆ.

ಸಾಕ್ಷ್ಯ ಇಲ್ಲಿಯದಾದರೂ ಅದನ್ನು ಅರ್ಥೈಸುವ ಸಿದ್ಧಾಂತ ಬೇರೆ ನಾಡಿನಿಂದ ಬರಬಹುದು. ಇಂಗ್ಲಿಷ್ ಮಾನವಶಾಸ್ತ್ರಜ್ಞ ಐಡನ್ ಸೌತಾಲ್ ಪೂರ್ವ ಆಫ್ರಿಕದ ಆಲೂರ್ ಎಂಬ ಜನಾಂಗವನ್ನು ಕುರಿತು 1956ರಲ್ಲಿ ಗ್ರಂಥ ಬರೆದನು. ಅಲ್ಲಿ ಒಡೆಯನ ಪೂಜ್ಯತೆ ದೂರದವರೆಗೆ ಹಬ್ಬಿದ್ದರೂ ನಿಜವಾದ ಅಧಿಕಾರ ಸ್ಥಳೀಯ ಮುಖ್ಯರ ಕೈಯಲ್ಲಿತ್ತು. ಅಮೆರಿಕದ ಬರ್ಟನ್ ಸ್ಟೈನ್ ಈ ಮಾದರಿಯನ್ನು ದಕ್ಷಿಣ ಭಾರತಕ್ಕೆ ಅನ್ವಯಿಸಿ 1980ರಲ್ಲಿ ಚೋಳರ ರಾಜ್ಯವನ್ನು ಹಾಗೆಯೇ ವಿವರಿಸಿದನು. ಜಪಾನಿನ ನೊಬೊರು ಕರಾಶಿಮಾ ಮೊದಲಾದವರು ಶಾಸನಗಳನ್ನು ಎಣಿಸಿ, ಹೋಲಿಸಿ ನೋಡಿ ಈ ವಾದವನ್ನು ಆಕ್ಷೇಪಿಸಿದರು.

ಹೊರಗಿನಿಂದ ಬಂದುದೆಂಬ ಒಂದೇ ಕಾರಣಕ್ಕೆ ಸಿದ್ಧಾಂತವನ್ನು ದೂರ ತಳ್ಳಬೇಕಾಗಿಲ್ಲ. ಸವಣೂರಿನಲ್ಲಿ ‘ದೊಡ್ಡ ಹುಣಸೆ’ ಎಂದು ಜನ ಕರೆಯುವ ಮಹಾವೃಕ್ಷಗಳು ಬೆಳೆದಿವೆ. ಅವುಗಳ ತವರು ಆಫ್ರಿಕ. ಈ ಮಣ್ಣು ಒಗ್ಗಿತು, ಮರ ಬೇರೂರಿತು. ಸಿದ್ಧಾಂತವನ್ನೂ ಹಾಗೆಯೇ ಇಲ್ಲಿಯ ಮಣ್ಣಿನಲ್ಲಿ ಊರಿ ನೋಡಬೇಕು. ಸಾಕ್ಷ್ಯ ಒಪ್ಪಿದರೆ ಇಟ್ಟುಕೊಳ್ಳಬೇಕು, ಒಪ್ಪದಿದ್ದರೆ ಬಿಡಬೇಕು.

ಸವಣೂರು ಇನ್ನೊಂದು ವಿಚಾರವನ್ನೂ ಎತ್ತುತ್ತದೆ. ಪೇಶ್ವೆಯ ಆಳಿಕೆ 1818ರಲ್ಲಿ ಕೊನೆಗೊಂಡ ಬಳಿಕ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಭಾಗಗಳು ಬ್ರಿಟಿಷರ ನೇರ ಆಡಳಿತಕ್ಕೆ ಒಳಪಟ್ಟವು. ನಡುವೆ ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿ ಉಳಿಯಿತು. ಒಂದೇ ಮಳೆ, ಒಂದೇ ನುಡಿ, ಒಂದೇ ಸಂತೆಗೆ ಹೋಗುವ ಜನ. ಆಡಳಿತ ಮಾತ್ರ ಎರಡು. ಇಂದಿನ ಯಾವುದಾದರೂ ಕೊರತೆಯನ್ನು ಕಂಡವರು ಇದು ನವಾಬರ ಕಾಲದ ಫಲ, ಅದು ಬ್ರಿಟಿಷರ ಕಾಲದ ಫಲ ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಹಾಗೆ ಹೇಳುವುದಕ್ಕೆ ಮುಂಚೆ ಕಷ್ಟಪಡಬೇಕಾಗುತ್ತದೆ.

ಅರ್ಥಶಾಸ್ತ್ರಜ್ಞೆ ಲಕ್ಷ್ಮಿ ಅಯ್ಯರ್ ಅವರು ಆ ಕಷ್ಟವನ್ನು ಪಟ್ಟರು. ಬ್ರಿಟಿಷರು ನೇರವಾಗಿ ಆಳಿದ ಜಿಲ್ಲೆಗಳನ್ನೂ ದೇಶೀಯ ಸಂಸ್ಥಾನಗಳಾಗಿದ್ದ ಜಿಲ್ಲೆಗಳನ್ನೂ ಹೋಲಿಸುವುದು ಅವರ ಉದ್ದೇಶ. ಒಂದು ತೊಡಕಿತ್ತು. ಬ್ರಿಟಿಷರು ಫಲವತ್ತಾದ ಭೂಮಿಯನ್ನೇ ಆರಿಸಿ ಹಿಡಿದಿದ್ದರೆ ವ್ಯತ್ಯಾಸ ಆಡಳಿತದಿಂದ ಬಂದುದೋ ಮಣ್ಣಿನಿಂದ ಬಂದುದೋ ತಿಳಿಯದು. ಡಾಲ್‌ಹೌಸಿಯ ಕಾಲದಲ್ಲಿ, 1848ರಿಂದ 1856ರವರೆಗೆ, ಅರಸನು ಸಂತಾನವಿಲ್ಲದೆ ತೀರಿಕೊಂಡನೆಂಬ ಕಾರಣಕ್ಕೆ ಕೆಲವು ಸಂಸ್ಥಾನಗಳನ್ನು ವಶಪಡಿಸಿಕೊಳ್ಳಲಾಯಿತು. ಅರಸನಿಗೆ ಮಗನಿಲ್ಲದಿರುವುದಕ್ಕೂ ಅಲ್ಲಿಯ ಮಣ್ಣಿಗೂ ಸಂಬಂಧವಿಲ್ಲ. ಆದುದರಿಂದ ಅಂಥ ಕಡೆಗಳನ್ನು ಆಧಾರವಾಗಿ ಹಿಡಿದು ಅವರು ಹೋಲಿಸಿದರು. ನೇರ ಆಳಿಕೆಗೆ ಒಳಗಾದ ಕಡೆ ಶಾಲೆ, ಆರೋಗ್ಯ ಕೇಂದ್ರ, ರಸ್ತೆಗಳು ಬಹುಕಾಲ ಹಿಂದುಳಿದಿದ್ದವು ಎಂದು 2010ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಹಿಂದಿನದಕ್ಕೂ ಇಂದಿನದಕ್ಕೂ ನಡುವೆ ಇರುವ ಕೊಂಡಿಯನ್ನು ಹುಡುಕುವುದೆಂದರೆ ಹೀಗೆ.

ಆದರೂ ಇದು ದೇಶದ ಸರಾಸರಿಯ ಮಾತು. ಒಂದು ಊರಿನ ಹಣೆಬರಹವಲ್ಲ. ಕರ್ನಾಟಕದಲ್ಲಿಯೇ ಎರಡು ದೊಡ್ಡ ಸಂಸ್ಥಾನಗಳ ಭಾಗಗಳಿವೆ. ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು. ಹೈದರಾಬಾದಿನಲ್ಲಿ 1918ರಲ್ಲಿ ವಿಶ್ವವಿದ್ಯಾನಿಲಯ ಬಂದರೂ ಅಲ್ಲಿ ಬೋಧನೆಯ ಮಾಧ್ಯಮ ಉರ್ದು. ಕಲಬುರಗಿ, ರಾಯಚೂರು, ಬೀದರಗಳ ಕನ್ನಡ ರೈತನ ಮಗನಿಗೆ ಆ ಬಾಗಿಲು ದೂರವೇ ಉಳಿಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ಪ್ರಾದೇಶಿಕ ಅಸಮತೋಲನವನ್ನು ಅಳೆದು, ಈ ಭಾಗದ ತಾಲೂಕುಗಳು ತೀರ ಹಿಂದುಳಿದಿವೆಯೆಂದು ಗುರುತಿಸಿತು. ಎರಡೂ ಸಂಸ್ಥಾನಗಳೇ ಆಗಿದ್ದರೂ ಫಲ ಒಂದೇ ಆಗಲಿಲ್ಲ. ಅರಸನಿದ್ದನೋ ಕಲೆಕ್ಟರನಿದ್ದನೋ ಎಂಬುದಕ್ಕಿಂತ ಅವರು ಶಾಲೆಗೆ, ನೀರಿಗೆ, ರೈತನ ಹಕ್ಕಿಗೆ ಏನು ಮಾಡಿದರು ಎಂಬುದೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಈ ಕಾರಣವನ್ನು ತಿಳಿದಮೇಲೆ ಮುಂದೇನು? ಕಾರಣವನ್ನು ವಿಧಿಯೆಂದು ಬಗೆದು ಕೈಕಟ್ಟಿ ಕೂರುವುದು ಒಂದು ದಾರಿ. ಕರ್ನಾಟಕ ಹಿಡಿದುದು ಇನ್ನೊಂದು ದಾರಿ. 2012ರ ಸಂವಿಧಾನ ತಿದ್ದುಪಡಿ ಕಾಯಿದೆಯಿಂದ 371(ಜೆ) ವಿಧಿ ಸೇರಿತು; ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದ ಆ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷ ಅವಕಾಶ ದೊರೆಯಿತು. ಇತಿಹಾಸದಿಂದ ಬಂದ ಕೊರತೆಯನ್ನು ಶಾಸನದಿಂದ ತುಂಬುವ ಯತ್ನವಿದು. ಅದು ಎಷ್ಟು ಸಫಲವಾಯಿತೆಂಬುದನ್ನು ಅಳೆಯುತ್ತಲೇ ಇರಬೇಕು. ಆದರೆ ಯತ್ನಿಸುವ ಹಕ್ಕನ್ನು ಇತಿಹಾಸ ಕಸಿದುಕೊಳ್ಳಲಾರದು.

ಭೂಮಿಯ ವಿಷಯದಲ್ಲಿಯೂ ಇದೇ ನಡೆಯಿತು. ಹಳ್ಳಿಯಲ್ಲಿ ಭೂಮಿಯುಳ್ಳವರ ಹಿಡಿತ ಶತಮಾನಗಳದು, ಅದು ಸಡಿಲವಾಗದು ಎಂದು ತಿಳಿದವರಿದ್ದರು. 1974ರಲ್ಲಿ ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಅನೇಕ ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. 1983ರ ಪಂಚಾಯತಿ ಕಾಯಿದೆಯಂತೆ 1987ರಲ್ಲಿ ನಡೆದ ಚುನಾವಣೆಯಲ್ಲಿ ಸ್ತ್ರೀಯರಿಗೆ ಶೇಕಡಾ 25ರಷ್ಟು ಸ್ಥಾನಗಳು ಮೀಸಲಾದವು. 2010ರಲ್ಲಿ ಅದು ಶೇಕಡಾ 50ಕ್ಕೆ ಏರಿತು. ಪಂಚಾಯತಿಯ ಕಟ್ಟೆಯ ಮೇಲೆ ಇಂದು ಕುಳಿತ ಸ್ತ್ರೀಯಾಗಲಿ, ಹಿಂದೆ ಊರಾಚೆ ಇರಿಸಲ್ಪಟ್ಟ ಕೇರಿಯಿಂದ ಬಂದ ಸದಸ್ಯನಾಗಲಿ ಮಹಾಜನರ ಸಭೆಯಿಂದ ಆ ಪೀಠವನ್ನು ಬಳುವಳಿಯಾಗಿ ಪಡೆದವರಲ್ಲ. ಸಂವಿಧಾನವೂ ಅದನ್ನು ಅನುಸರಿಸಿದ ಕಾಯಿದೆಗಳೂ ಅವರಿಗೆ ಅದನ್ನು ಕೊಟ್ಟವು.

ಆದುದರಿಂದ ಇತಿಹಾಸವನ್ನು ಮುಂದೆ ಮಾಡಿ ಯಾರಾದರೂ ಇಂದಿನ ರಾಜಕೀಯವನ್ನು ವಿವರಿಸಿದಾಗ ವಿದ್ಯಾರ್ಥಿಯಾದವನು ಮೂರು ಪ್ರಶ್ನೆಗಳನ್ನು ಕೇಳಬೇಕು. ಈ ಸಾಕ್ಷ್ಯ ಯಾರದು, ಅದರಲ್ಲಿ ಯಾರ ದನಿ ಇಲ್ಲ? ಹಿಂದಿನ ಕಾರಣದಿಂದ ಇಂದಿನ ಪರಿಣಾಮದವರೆಗೆ ಕೊಂಡಿಗಳನ್ನು ತೋರಿಸಲಾಗಿದೆಯೆ, ಅಥವಾ ನಡುವಿನ ಶತಮಾನಗಳನ್ನು ಹಾರಿಬರಲಾಗಿದೆಯೆ? ಇದೇ ವಿವರಣೆಯನ್ನು ಇಂಗ್ಲೆಂಡಿಗೋ ಫ್ರಾನ್ಸಿಗೋ ಹೇಳಿದರೆ ಅಲ್ಲಿಯವರು ಒಪ್ಪುವರೆ? ಹೇಳುವವನು ಹೊರನಾಡಿನವನಾದರೂ ಸರಿ, ಸ್ವಂತ ಊರಿನವನಾದರೂ ಸರಿ, ಈ ಪ್ರಶ್ನೆಗಳಿಗೆ ಉತ್ತರಿಸಲೇಬೇಕು.

ಇತಿಹಾಸವು ನ್ಯಾಯಾಲಯದ ಸಾಕ್ಷಿಯಂತೆ. ಅದನ್ನು ಕರೆಯದೆ ವಿಚಾರಣೆ ನಡೆಸುವುದು ಅವಿವೇಕ. ಅದನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸುವುದು ಇನ್ನೂ ದೊಡ್ಡ ಅವಿವೇಕ. ಹಾನಗಲ್ಲಿನ ಕಲ್ಲುಗಳು ಇಂದಿಗೂ ನಿಂತಿವೆ. ಅವುಗಳ ಪಕ್ಕದಲ್ಲಿ ಹಾದು ಶಾಲೆಗೆ ಹೋಗುವ ಹುಡುಗ ಹುಡುಗಿಯರು ಇನ್ನು ಕೆಲವೇ ವರ್ಷಗಳಲ್ಲಿ ಮತಗಟ್ಟೆಗೆ ಹೋಗುವವರು. ಕಲ್ಲಿನ ಮಾತನ್ನು ಅವರು ಗಮನವಿಟ್ಟು ಕೇಳಲಿ. ತೀರ್ಪು ಹೇಳುವ ಹೊಣೆ ಮಾತ್ರ ಅವರದೇ.